ಸರ್ವರ್ ತಾನಾಗೇ ಅಪ್‌ಡೇಟ್ ಆಯ್ತು ಅಂದಾಗ: ಗುಂಡಿ ಒತ್ತಿದ ಕೈ ಯಾರದು?

ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ ಫೋನು. ಬಿಲ್ಲಿಂಗ್ ಪರದೆ ಎಲ್ಲ ಕೌಂಟರ್‌ಗಳಲ್ಲೂ ಒಟ್ಟಿಗೇ ನಿಂತಿದೆ, ಜನ ಸಾಲಿನಲ್ಲಿದ್ದಾರೆ, ಏನಾದರೂ ಮಾಡಿ. ಲಾಗಿನ್ ಆಗಿ ನೋಡಿದರೆ ಸರ್ವರ್ ಆರಾಮಾಗಿತ್ತು. ಸಿಪಿಯು ತಣ್ಣಗಿದೆ, ಡಿಸ್ಕ್‌ನಲ್ಲಿ ಜಾಗ ಇದೆ, ಅಪ್‌ಟೈಮ್ ನೂರು ದಿನ ದಾಟಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೂಡ ಓಡುತ್ತಿದೆ. ಆದರೆ ಆ ಪ್ರೋಸೆಸ್‌ಗೆ ವಯಸ್ಸು ಬರೀ ನಾಲ್ಕು ನಿಮಿಷ.

ಫೆಬ್ರವರಿಯಲ್ಲೂ ಒಂದು ಸಲ ಹೀಗೇ ಆಗಿತ್ತು. ಆಗ ನೆಟ್‌ವರ್ಕ್ ಮೇಲೆ ಗೂಬೆ ಕೂರಿಸಿ, ಸ್ವಿಚ್ ಒಂದನ್ನು ಆಫ್ ಮಾಡಿ ಆನ್ ಮಾಡಿ, ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿ ಸುಮ್ಮನಾಗಿದ್ದೆವು. ಈಗ ಮೇ ತಿಂಗಳು. ಈ ಸಲ ಬಿಡಬಾರದು ಅಂತ, ಉಬುಂಟು ಲಿನಕ್ಸ್‌ನಲ್ಲಿ ಪ್ಯಾಕೇಜ್ ಹಾಕಿ ತೆಗೆಯುವ ಎಪಿಟಿಯ ಹಿಸ್ಟರಿ ಲಾಗ್ ತೆರೆದೆ. ಕೊನೆಯಲ್ಲಿ ಇದ್ದದ್ದು ಇಷ್ಟು:

ಸ್ಟಾರ್ಟ್-ಡೇಟ್: 06:11:42
ಕಮಾಂಡ್‌ಲೈನ್: /ಯುಎಸ್ಆರ್/ಬಿನ್/ಅನ್‌ಅಟೆಂಡೆಡ್-ಅಪ್‌ಗ್ರೇಡ್
ಅಪ್‌ಗ್ರೇಡ್: ಪೋಸ್ಟ್‌ಗ್ರೆಎಸ್‌ಕ್ಯೂಎಲ್-14

"ಆರು ಗಂಟೆಗೆ ಆಗಿದ್ದು ಬಿಡಿ, ನಮಗೆ ತೊಂದರೆ ಬಂದಿದ್ದು ಹನ್ನೊಂದೂ ಮುಕ್ಕಾಲಿಗೆ" ಅಂದ ಪಕ್ಕದಲ್ಲಿದ್ದವನು. ನಾನೂ ಒಂದು ಕ್ಷಣ ಒಪ್ಪಿಕೊಂಡೆ. ಆಮೇಲೆ ಹೊಳೆಯಿತು: ಸರ್ವರ್ ಗಡಿಯಾರ ಇರುವುದು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ. ಐದೂವರೆ ಗಂಟೆ ಕೂಡಿಸಿ. 11:41.

ಉಳಿದದ್ದೆಲ್ಲ ತಾನಾಗೇ ಬಿಚ್ಚಿಕೊಂಡಿತು. ಉಬುಂಟುವಿನಲ್ಲಿ ಅಪ್‌ಡೇಟ್ ಇನ್‌ಸ್ಟಾಲ್ ಮಾಡುವ ಟೈಮರ್ ಬೆಳಿಗ್ಗೆ 6ಕ್ಕೆ ಇಟ್ಟಿರುತ್ತದೆ, ಅದಕ್ಕೆ 60 ನಿಮಿಷದವರೆಗೆ ಇಷ್ಟೇ ಅಂತಿಲ್ಲದ ತಡ ಸೇರಿಸಿರುತ್ತಾರೆ, ಜಗತ್ತಿನ ಎಲ್ಲ ಸರ್ವರ್‌ಗಳೂ ಒಂದೇ ನಿಮಿಷಕ್ಕೆ ಬಂದು ಮುಗಿಬೀಳದಿರಲಿ ಅಂತ. ಗಡಿಯಾರ ಯುಟಿಸಿಯಲ್ಲಿದ್ದರೆ ಅದು ನಮ್ಮ ಹನ್ನೊಂದೂವರೆಯಿಂದ ಹನ್ನೆರಡೂವರೆ. ಯಾರದೋ ನಸುಕಿಗೆ ಹೊಂದಿಸಿದ ಸಮಯ ನಮ್ಮ ನಟ್ಟನಡು ವ್ಯಾಪಾರದ ಹೊತ್ತಿಗೆ ಬಂದು ಕೂತಿತ್ತು. ಮೂರು ತಿಂಗಳ ಅಂತರ ಯಾಕೆ? ಪೋಸ್ಟ್‌ಗ್ರೆಸ್ ತಂಡ ತನ್ನ ಸಣ್ಣ ಬಿಡುಗಡೆಗಳನ್ನು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳ ಎರಡನೇ ಗುರುವಾರಕ್ಕೆ ಇಟ್ಟುಕೊಂಡಿದೆ. ಅದರಲ್ಲಿ ಭದ್ರತಾ ತಿದ್ದುಪಡಿ ಇದ್ದರೆ ಕೆಲವು ದಿನಗಳಲ್ಲಿ ಉಬುಂಟುವಿನ ಸೆಕ್ಯುರಿಟಿ ಭಂಡಾರಕ್ಕೆ ಬರುತ್ತದೆ, ಪ್ಯಾಕೇಜ್ ಕೂತ ಕೂಡಲೇ ಡೇಟಾಬೇಸ್ ರೀಸ್ಟಾರ್ಟ್ ಆಗುತ್ತದೆ. ರೀಸ್ಟಾರ್ಟ್‌ಗೆ ಹಿಡಿದಿದ್ದು ಕೆಲವೇ ಸೆಕೆಂಡು. ಕೌಂಟರ್‌ಗಳು ಇಪ್ಪತ್ತು ನಿಮಿಷ ನಿಂತಿದ್ದು ಯಾಕೆಂದರೆ ಡೇಟಾಬೇಸ್ ಸಂಪರ್ಕಗಳನ್ನು ಮೊದಲೇ ತೆರೆದಿಟ್ಟುಕೊಳ್ಳುವ ನಮ್ಮದೇ ಅಪ್ಲಿಕೇಶನ್‌ನ ಕನೆಕ್ಷನ್ ಪೂಲ್ ಸತ್ತ ಸಂಪರ್ಕಗಳನ್ನೇ ಹಿಡಿದುಕೊಂಡು ಕೂತಿತ್ತು.

ಅವತ್ತಿನಿಂದ ಇಂಥ ದೂರು ಬಂದರೆ ನನ್ನ ಮೊದಲ ಪ್ರಶ್ನೆ "ಯಾವ ಅಪ್‌ಡೇಟ್?" ಅಲ್ಲ, "ಯಾವ ಕೈ?" ಯಾವ ಸರ್ವರ್ರೂ ತಾನಾಗೇ ಅಪ್‌ಡೇಟ್ ಆಗುವುದಿಲ್ಲ. ಒಂದು ಟೈಮರ್ರೋ, ಮೇಲಿಂದ ಬಂದ ಪಾಲಿಸಿಯೋ, ಎಂದೋ ಹಾಕಿ ಮರೆತ ಏಜೆಂಟೋ, ಪಕ್ಕದ ಟೇಬಲ್ಲಿನ ಮನುಷ್ಯನೋ ಗುಂಡಿ ಒತ್ತಿರುತ್ತಾರೆ. ಆ ಕೈ ಸಿಗುವ ತನಕ ಯಾವ ಸೆಟ್ಟಿಂಗ್ ಬದಲಿಸಿದರೂ ಅದು ಕುರುಡು ಗುರಿ. (ಕಮಾಂಡ್, ಫೋಲ್ಡರ್ ಹೆಸರುಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.)

ಮೊದಲು ಸಾಕ್ಷ್ಯ ಉಳಿಸಿಕೊಳ್ಳಿ

ವಿಂಡೋಸ್ ಅಪ್‌ಡೇಟ್ ತಕರಾರು ಅಂದ ಕೂಡಲೇ ಯಾರಾದರೊಬ್ಬರು "ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರ್ ಡಿಲೀಟ್ ಮಾಡು" ಅನ್ನುತ್ತಾರೆ. ಅಪ್‌ಡೇಟ್ ಇಳಿಯದೆ ಸಿಕ್ಕಿಕೊಂಡಾಗ ಅದು ಮನೆಮದ್ದು, ನಿಜ. ಆದರೆ ಬೇಡದ ಅಪ್‌ಡೇಟ್ ಬಂದಾಗ ಅದನ್ನು ಮಾಡಿದರೆ ಕಳ್ಳನ ಹೆಜ್ಜೆ ಗುರುತಿನ ಮೇಲೆ ನೀವೇ ಕಸ ಗುಡಿಸಿದ ಹಾಗೆ. ಯಾರು ಅಪ್‌ಡೇಟ್ ಕೇಳಿದರು ಅಂತ ಬರೆದಿಡುವ ರಿಪೋರ್ಟಿಂಗ್‌ಈವೆಂಟ್ಸ್ ಲಾಗ್ ಇರುವುದು ಅದೇ ಫೋಲ್ಡರ್ ಒಳಗೆ.

ಹಾಗಾಗಿ ಯಾವುದನ್ನೂ ಮುಟ್ಟುವ ಮೊದಲು ಆ ಲಾಗ್, ಸಿಸ್ಟಮ್ ಮತ್ತು ಸೆಟಪ್ ಈವೆಂಟ್ ಲಾಗ್‌ಗಳು, ವಿಂಡೋಸ್ ಫೋಲ್ಡರ್‌ನೊಳಗಿನ ಪ್ಯಾಂಥರ್ ಫೋಲ್ಡರ್ (ಸೆಟಪ್ ಬರೆದಿಡುವ ಲಾಗ್‌ಗಳು), ಇಷ್ಟನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ. ಡಿಸ್ಕ್ ಕ್ಲೀನಪ್ ಓಡಿಸಬೇಡಿ. ಲಿನಕ್ಸ್‌ನಲ್ಲಾದರೆ /ವಾರ್/ಲಾಗ್ ಒಳಗಿನ ಎಪಿಟಿ ಫೋಲ್ಡರ್, ಡಿಪಿಕೆಜಿ ಲಾಗ್, ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಫೋಲ್ಡರ್. ಎಪಿಟಿ ಹಿಸ್ಟರಿ ತಿಂಗಳಿಗೊಮ್ಮೆ ಸುತ್ತುತ್ತದೆ, ಹಳೆಯವು ಜಿಜಿಪ್ ಆಗಿ ಕುಗ್ಗಿ ಹನ್ನೆರಡು ತಿಂಗಳ ತನಕ ಇರುತ್ತವೆ. ಹಾಗಾಗಿ ಫೆಬ್ರವರಿಯದನ್ನೂ ಜಡ್‌ಗ್ರೆಪ್ (ಕುಗ್ಗಿಸಿದ ಫೈಲ್ ಒಳಗೇ ಹುಡುಕುವ ಕಮಾಂಡ್) ಹಾಕಿ ತೆಗೆಯಬಹುದು. ನಾನು ಹಾಗೇ ತೆಗೆದೆ, ಅದೇ ಕಮಾಂಡ್‌ಲೈನ್ ಇತ್ತು.

ಅದು ಅಪ್‌ಡೇಟೇ ಹೌದಾ?

ಸರ್ವರ್ ಬಿದ್ದು ಎದ್ದ ಮಾತ್ರಕ್ಕೆ ಅಪ್‌ಡೇಟ್ ಅಂತಲ್ಲ. ವಿಂಡೋಸ್ ಸಿಸ್ಟಮ್ ಲಾಗ್‌ನಲ್ಲಿ 1074 ಸಂಖ್ಯೆಯ ಈವೆಂಟ್ ಇದ್ದರೆ ಯಾರೋ ಕೇಳಿಕೊಂಡು ರೀಸ್ಟಾರ್ಟ್ ಮಾಡಿಸಿದ್ದಾರೆ. ಅದಿಲ್ಲದೆ ಬರೀ 41 ಮತ್ತು 6008 ಇದ್ದರೆ ಕರೆಂಟು ಹೋಗಿದೆ, ಇಲ್ಲವೇ ಕರ್ನಲ್ ಬಿದ್ದಿದೆ, ಇಲ್ಲವೇ ಕೆಳಗಿನ ವರ್ಚುವಲ್ ಹೋಸ್ಟ್ ಕೈಕೊಟ್ಟಿದೆ. ಅಲ್ಲಿ ಅಪ್‌ಡೇಟ್ ಹುಡುಕುತ್ತಾ ಕೂತರೆ ಅರ್ಧ ದಿನ ದಂಡ. ಲಿನಕ್ಸ್‌ನಲ್ಲಿ ಲಾಸ್ಟ್ -ಎಕ್ಸ್ ಹೊಡೆದಾಗ ರೀಬೂಟ್ ಸಾಲಿಗೂ ಮುಂಚೆ ಶಟ್‌ಡೌನ್ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಅದು ಸೌಮ್ಯವಾಗಿ ಮಲಗಿ ಎದ್ದದ್ದಲ್ಲ. ಜರ್ನಲ್‌ಸಿಟಿಎಲ್ -ಬಿ -1 -ಇ ಹೊಡೆದರೆ ಹಿಂದಿನ ಬೂಟ್‌ನ ಕೊನೆಯ ಮಾತುಗಳು ಕಾಣುತ್ತವೆ, /ವಾರ್/ಲಾಗ್/ಜರ್ನಲ್ ಫೋಲ್ಡರ್ ಇದ್ದರೆ ಮಾತ್ರ. ಇಲ್ಲದ ಕಡೆ ಜರ್ನಲ್ ರೀಬೂಟ್ ಜೊತೆಗೇ ಅಳಿದಿರುತ್ತದೆ. ಇವತ್ತೇ ಆ ಫೋಲ್ಡರ್ ಮಾಡಿಡಿ.

ಕ್ಲೌಡ್‌ನಲ್ಲಿದ್ದರೆ ಆ ಕ್ಲೌಡ್‌ನ ಮೆಂಟೆನೆನ್ಸ್ ಸೂಚನೆಗಳನ್ನೂ ಒಮ್ಮೆ ನೋಡಿ.

ಆಪರೇಟಿಂಗ್ ಸಿಸ್ಟಮ್‌ಗೆ ಸಂಬಂಧವೇ ಇಲ್ಲದ ಅಪ್‌ಡೇಟ್‌ಗಳೂ ಇವೆ. 2024ರ ಜುಲೈ 19ರ ಶುಕ್ರವಾರ ನೆನಪಿದೆಯಲ್ಲ, ನಮ್ಮಲ್ಲಿ ಬೆಳಿಗ್ಗೆ 9:39. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿ ಕಳಿಸಿದ ಒಂದು ಸಣ್ಣ ಕಾನ್ಫಿಗರೇಶನ್ ಫೈಲು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದಿತ್ತು. ಅವತ್ತು ವಿಂಡೋಸ್ ಅಪ್‌ಡೇಟ್ ಇತಿಹಾಸ ತಡಕಿದವರಿಗೆ ಏನೂ ಸಿಗುತ್ತಿರಲಿಲ್ಲ. ಭದ್ರತಾ ಏಜೆಂಟ್‌ಗಳು ತಮ್ಮ ದಾರಿಯಲ್ಲಿ ತಾವೇ ಅಪ್‌ಡೇಟ್ ಆಗುತ್ತವೆ, ನಿಮ್ಮ ಮೆಂಟೆನೆನ್ಸ್ ವಿಂಡೋ ಅವಕ್ಕೆ ಗೊತ್ತೇ ಇರುವುದಿಲ್ಲ.

ಗಡಿಯಾರ ಸರಿಮಾಡಿಕೊಳ್ಳಿ

ನನ್ನ ಅನುಭವದಲ್ಲಿ ಅರ್ಧಕ್ಕರ್ಧ ತನಿಖೆ ದಾರಿ ತಪ್ಪುವುದು ಇಲ್ಲೇ. ಒಂದು ಹಾಳೆ ತೆಗೆದುಕೊಂಡು ಎಲ್ಲ ಘಟನೆಗಳನ್ನೂ ಒಂದೇ ಗಡಿಯಾರಕ್ಕೆ ತಂದು ಬರೆಯಿರಿ. ವಿಂಡೋಸ್ ಈವೆಂಟ್ ವ್ಯೂವರ್ ಸ್ಥಳೀಯ ಸಮಯ ತೋರಿಸುತ್ತದೆ, ಅದೇ ಈವೆಂಟ್‌ನ ಎಕ್ಸ್‌ಎಂಎಲ್ ನೋಟದಲ್ಲಿ ಯುಟಿಸಿ ಇರುತ್ತದೆ. ಲಿನಕ್ಸ್ ಎಪಿಟಿ ಲಾಗ್ ಸರ್ವರ್‌ಗೆ ಹಾಕಿದ ಟೈಮ್‌ಜೋನ್‌ನಲ್ಲಿ ಬರೆಯುತ್ತದೆ, ಅದು ಯಾವುದು ಅನ್ನುವುದನ್ನು ಸಾಲಿನಲ್ಲಿ ಹೇಳುವುದಿಲ್ಲ. ಟೈಮ್‌ಡೇಟ್‌ಸಿಟಿಎಲ್ ಹೊಡೆದು ನೋಡಿಕೊಳ್ಳಬೇಕು.

ಪ್ಯಾಚ್ ಟ್ಯೂಸ್‌ಡೇ ಅನ್ನುವುದೂ ನಮಗೆ ಮಂಗಳವಾರವಲ್ಲ. ಮೈಕ್ರೋಸಾಫ್ಟ್ ಅಪ್‌ಡೇಟ್ ಬಿಡುವುದು ತಿಂಗಳ ಎರಡನೇ ಮಂಗಳವಾರ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ ಹತ್ತಕ್ಕೆ. ನಮ್ಮಲ್ಲಿ ಅದು ರಾತ್ರಿ 10:30, ಅವರ ಚಳಿಗಾಲದಲ್ಲಿ 11:30. ನಮ್ಮ ಸರ್ವರ್‌ಗಳಿಗೆ ಅದರ ಬಿಸಿ ತಟ್ಟುವುದು ಬುಧವಾರ ನಸುಕಿಗೆ. ಬುಧವಾರ ಬೆಳಿಗ್ಗೆ ಬಂದು "ನಿನ್ನೆ ಏನೂ ಇರಲಿಲ್ಲವಲ್ಲ" ಅನ್ನುವವರು ಎರಡನೇ ಬುಧವಾರವೋ ಅಂತ ಕ್ಯಾಲೆಂಡರ್ ನೋಡಲಿ. ತಿಂಗಳು ಬುಧವಾರದಿಂದಲೇ ಶುರುವಾದರೆ ಅದು ಮೂರನೇ ಬುಧವಾರವೂ ಆಗಬಹುದು.

ಲಿನಕ್ಸ್‌ನಲ್ಲಿ ಕೈ ಹುಡುಕುವುದು

ಎಪಿಟಿ ಹಿಸ್ಟರಿಯ ಕಮಾಂಡ್‌ಲೈನ್ ಸಾಲೇ ಅರ್ಧ ಉತ್ತರ. ಅಲ್ಲಿ ಅನ್‌ಅಟೆಂಡೆಡ್-ಅಪ್‌ಗ್ರೇಡ್ ಇದ್ದರೆ ಟೈಮರ್. ಅದರ ಕೆಳಗೆ ರಿಕ್ವೆಸ್ಟೆಡ್-ಬೈ ಅಂತ ಒಂದು ಬಳಕೆದಾರನ ಹೆಸರು, ಬ್ರಾಕೆಟ್ಟಿನಲ್ಲಿ ಒಂದು ಸಂಖ್ಯೆ ಇದ್ದರೆ ಮನುಷ್ಯ ಸುಡೋ ಹಾಕಿ (ಅಡ್ಮಿನ್ ಅಧಿಕಾರ ಪಡೆದು) ಮಾಡಿದ್ದು. ಆದರೆ ತಕ್ಷಣ ಆ ಮನುಷ್ಯನ ಹತ್ತಿರ ಜಗಳಕ್ಕೆ ಹೋಗಬೇಡಿ. ಎಷ್ಟೋ ಸರ್ವರ್‌ಗಳಿಗೆ ಒಟ್ಟಿಗೇ ಕೆಲಸ ಹೇಳುವ ಅನ್ಸಿಬಲ್‌ನಂಥ ಸಲಕರಣೆಗಳೂ ಯಾರದೋ ಹೆಸರಿನಲ್ಲೇ ಬರುತ್ತವೆ. ಅದರ ಕೆಲಸದ ಪಟ್ಟಿಯಾದ ಪ್ಲೇಬುಕ್‌ನಲ್ಲಿ ಒಂದು ಪ್ಯಾಕೇಜ್‌ಗೆ ಸ್ಟೇಟ್: ಲೇಟೆಸ್ಟ್ ಅಂತ ಬರೆದಿದ್ದರೆ, ಎನ್‌ಜಿನ್‌ಎಕ್ಸ್ ವೆಬ್ ಸರ್ವರ್‌ನ ಕಾನ್ಫಿಗ್ ಬದಲಿಸಲು ಓಡಿಸಿದ ಪ್ಲೇಬುಕ್ಕೇ ಎನ್‌ಜಿನ್‌ಎಕ್ಸನ್ನು ಹೊಸ ಆವೃತ್ತಿಗೆ ಎಳೆದಿರುತ್ತದೆ. ಪ್ರೆಸೆಂಟ್ ಅಂತ ಇರಬೇಕಾದ ಕಡೆ ಲೇಟೆಸ್ಟ್ ಇದ್ದದ್ದನ್ನು ನಾನು ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ.

ಟೈಮರ್ ಅಂತ ಗೊತ್ತಾದ ಮೇಲೆ ಸೆಟ್ಟಿಂಗ್ ಓದುವಾಗ ಒಂದು ಮೋಸ ಇದೆ. ಎಲ್ಲರೂ ಎಪಿಟಿ.ಕಾನ್ಫ್.ಡಿ ಫೋಲ್ಡರ್‌ನ 50ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಫೈಲ್ ತೆರೆದು, ಅಲ್ಲಿ ಆಟೊಮ್ಯಾಟಿಕ್-ರೀಬೂಟ್ ಫಾಲ್ಸ್ ಅಂತ ನೋಡಿ, ಸಮಾಧಾನವಾಗುತ್ತಾರೆ. ಆ ಫೋಲ್ಡರ್‌ನ ಫೈಲ್‌ಗಳನ್ನು ಹೆಸರಿನ ಕ್ರಮದಲ್ಲಿ ಒಂದಾದ ಮೇಲೊಂದು ಓದಲಾಗುತ್ತದೆ, ಕೊನೆಗೆ ಬಂದದ್ದೇ ಗೆಲ್ಲುತ್ತದೆ. 99 ಅಂತ ಶುರುವಾಗುವ ಒಂದು ಪುಟ್ಟ ಫೈಲು ಟ್ರೂ ಅಂದಿದ್ದರೆ 50ರ ಮಾತಿಗೆ ಬೆಲೆ ಇಲ್ಲ. ಹಾಗಾಗಿ ಫೈಲ್ ನೋಡಬೇಡಿ, ಎಪಿಟಿ-ಕಾನ್ಫಿಗ್ ಡಂಪ್ ಹೊಡೆದು ಎಲ್ಲ ಬೆರೆತ ಮೇಲಿನ ಕೊನೆಯ ಬೆಲೆ ನೋಡಿ. ರೀಬೂಟ್ ಸಮಯ 02:00 ಅಂತ ಹಾಕಿ ನೆಮ್ಮದಿಯಿಂದ ಮಲಗುವವರಿಗೆ ಮತ್ತೆ ಅದೇ ಮಾತು: ಯುಟಿಸಿ ಸರ್ವರ್‌ನಲ್ಲಿ ಅದು ಬೆಳಿಗ್ಗೆ ಏಳೂವರೆ.

ಇನ್ನೊಂದು ವಿಚಿತ್ರ ದೂರು: "ಸರ್ವರ್ ಆನ್ ಮಾಡಿದ ತಕ್ಷಣ ಅಪ್‌ಡೇಟ್ ಶುರುವಾಗುತ್ತದೆ." ಅದು ದೋಷವಲ್ಲ. ಆ ಟೈಮರ್‌ಗೆ ಪರ್ಸಿಸ್ಟೆಂಟ್ ಅನ್ನುವ ಗುಣ ಟ್ರೂ ಆಗಿರುತ್ತದೆ. ಸಮಯ ಬಂದಾಗ ಯಂತ್ರ ಆಫ್ ಇದ್ದರೆ, ಎದ್ದ ಮೇಲೆ ಬಾಕಿ ಕೆಲಸ ತೀರಿಸಿಕೊಳ್ಳುತ್ತದೆ. ರಾತ್ರಿ ಆಫ್ ಮಾಡಿ ಬೆಳಿಗ್ಗೆ ಆನ್ ಮಾಡುವ ಟೆಸ್ಟ್ ಸರ್ವರ್‌ಗಳಲ್ಲಿ ಇದು ಮಾಮೂಲಿ.

ಪ್ಯಾಕೇಜ್ ಯಾವುದೂ ಬದಲಾಗದ ಸೇವೆ ರೀಸ್ಟಾರ್ಟ್ ಆಗಿದ್ದರೆ ನೀಡ್‌ರೀಸ್ಟಾರ್ಟ್ ಮೇಲೆ ಕಣ್ಣಿಡಿ. ಓಪನ್‌ಎಸ್‌ಎಸ್‌ಎಲ್‌ನಂಥ ಲೈಬ್ರರಿ ಬದಲಾದಾಗ ಅದನ್ನು ಬಳಸುವ ಸೇವೆಗಳನ್ನೂ ಎಬ್ಬಿಸಬೇಕಲ್ಲ, ಆ ಕೆಲಸ ಇದರದ್ದು. ಮೊದಲು ಪರದೆಯ ಮೇಲೆ ಪಟ್ಟಿ ತೋರಿಸಿ ಕೇಳುತ್ತಿತ್ತು. ಉಬುಂಟು 24.04ರಿಂದ ಕೇಳದೆ ತಾನೇ ರೀಸ್ಟಾರ್ಟ್ ಮಾಡುತ್ತದೆ. 22.04ರಿಂದ ಮೇಲೆ ಬಂದ ಎಷ್ಟೋ ಜನಕ್ಕೆ ಈ ಬದಲಾವಣೆ ಗೊತ್ತಾಗಿದ್ದೇ ಒಂದು ದಿನ ಸೇವೆ ಬಿದ್ದಾಗ. ಉಬುಂಟುವಿನ ಇನ್ನೊಂದು ಬಗೆಯಾದ ಸ್ನ್ಯಾಪ್ ಪ್ಯಾಕೇಜ್‌ಗಳ ದಾರಿ ಇನ್ನೂ ಬೇರೆ: ದಿನಕ್ಕೆ ನಾಲ್ಕು ಸಲ ಹೊಸದಿದೆಯಾ ಅಂತ ನೋಡುತ್ತವೆ, ಎಪಿಟಿ ಲಾಗ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ. ಸ್ನ್ಯಾಪ್ ಚೇಂಜಸ್ ಹೊಡೆದರೆ ಮಾತ್ರ ಕಾಣುತ್ತದೆ.

ರೆಡ್‌ಹ್ಯಾಟ್ ಕುಟುಂಬದ ಲಿನಕ್ಸ್‌ಗಳಲ್ಲಿ ಎಪಿಟಿಯ ಜಾಗದಲ್ಲಿ ಡಿಎನ್‌ಎಫ್ ಇದೆ, ಅದರ ಹಿಸ್ಟರಿ ಎಪಿಟಿಯದಕ್ಕಿಂತ ಸೊಗಸು: ಸಂಖ್ಯೆ ಹಾಕಿ ಡಿಎನ್‌ಎಫ್ ಹಿಸ್ಟರಿ ಇನ್ಫೋ ಹೊಡೆದರೆ ಯಾರು, ಯಾವ ಕಮಾಂಡ್, ಏನೇನು ಬದಲು, ಎಲ್ಲ ಒಂದೇ ಕಡೆ. ಅಲ್ಲಿನ ಗುಂಡಿ ಡಿಎನ್‌ಎಫ್-ಆಟೊಮ್ಯಾಟಿಕ್. ಅದರ ಕಾನ್ಫಿಗ್‌ನಲ್ಲಿ ಅಪ್ಲೈ_ಅಪ್‌ಡೇಟ್ಸ್ = ನೋ ಅಂತ ಸ್ಪಷ್ಟವಾಗಿ ಬರೆದಿದ್ದರೂ ಅಪ್‌ಡೇಟ್ ಆಗಿಬಿಟ್ಟಿರಬಹುದು. ಯಾಕೆಂದರೆ ಡಿಎನ್‌ಎಫ್-ಆಟೊಮ್ಯಾಟಿಕ್-ಇನ್‌ಸ್ಟಾಲ್ ಅನ್ನುವ ಪ್ರತ್ಯೇಕ ಟೈಮರ್ ಇದೆ, ಅದು ಕಾನ್ಫಿಗ್ ಫೈಲ್‌ನ ಆ ಮಾತನ್ನು ಕೇಳುವುದೇ ಇಲ್ಲ. ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್ ಹೊಡೆದು ಯಾವ ಹೆಸರಿನ ಟೈಮರ್ ಓಡುತ್ತಿದೆ ಅಂತ ನೋಡಿ, ಫೈಲ್ ಆಮೇಲೆ.

ಡೆಬಿಯನ್‌ನವರಿಗೆ ಒಂದೇ ಮಾತು. ಪ್ಯಾಕೇಜ್ ಎಲ್ಲಿಂದ ತರಬೇಕು ಅಂತ ಹೇಳುವ ಸೋರ್ಸಸ್ ಲಿಸ್ಟ್‌ನಲ್ಲಿ ಬುಕ್‌ವರ್ಮ್, ಟ್ರಿಕ್ಸಿ ಅಂತ ಆವೃತ್ತಿಯ ಹೆಸರು ಬರೆಯಿರಿ, ಸ್ಟೇಬಲ್ ಅಂತ ಬರೆಯಬೇಡಿ. 2023ರ ಜೂನ್ 10ರಂದು ಸ್ಟೇಬಲ್ ಅಂದರೆ ಬುಕ್‌ವರ್ಮ್ ಆಯಿತು, 2025ರ ಆಗಸ್ಟ್ 9ರಂದು ಟ್ರಿಕ್ಸಿ ಆಯಿತು. ಹೆಸರು ಬದಲಾಗಿದೆ ಅಂತ ಎಪಿಟಿ ಎಚ್ಚರಿಸುತ್ತದೆ. ಅದನ್ನು ಓದದೆ ವೈ ಒತ್ತುವ ಬೆರಳುಗಳೇ ಹೆಚ್ಚು.

2022 ಆಗಿ ಮಲಗಿ 2025 ಆಗಿ ಎದ್ದ ಸರ್ವರ್‌ಗಳು

ತಿಂಗಳ ಪ್ಯಾಚ್ ಬಂದು ರೀಸ್ಟಾರ್ಟ್ ಆಗುವುದು ಒಂದು, ಆಪರೇಟಿಂಗ್ ಸಿಸ್ಟಮ್ಮೇ ಬದಲಾಗಿಬಿಡುವುದು ಇನ್ನೊಂದು. 2024ರ ನವೆಂಬರ್ ಮೊದಲ ವಾರ ಎರಡನೆಯದೇ ಆಯಿತು. ವಿಂಡೋಸ್ ಸರ್ವರ್ 2025 ಅಧಿಕೃತವಾಗಿ ಬಂದದ್ದು ನವೆಂಬರ್ 1ಕ್ಕೆ. ಕೆಲವೇ ದಿನಗಳಲ್ಲಿ ಬೇರೆ ಬೇರೆ ಕಡೆ ಅಡ್ಮಿನ್‌ಗಳು ಬೆಳಿಗ್ಗೆ ಬಂದು ನೋಡಿದರೆ ತಮ್ಮ 2022ರ ಸರ್ವರ್‌ಗಳು 2025 ಆಗಿ ಕೂತಿದ್ದವು, ಇಲ್ಲವೇ ಆಗಲು ಅಣಿಯಾಗಿದ್ದವು. ಆ ಅಪ್‌ಡೇಟ್‌ನ ಕೆಬಿ ಸಂಖ್ಯೆ (ಮೈಕ್ರೋಸಾಫ್ಟ್ ಪ್ರತಿ ಅಪ್‌ಡೇಟ್‌ಗೂ ಕೊಡುವ ಗುರುತು) 5044284. ಅದೇ ಸಂಖ್ಯೆ ವಿಂಡೋಸ್ 11ರ 24ಎಚ್2 ಆವೃತ್ತಿಯ ಅಕ್ಟೋಬರ್ ಪ್ಯಾಚ್‌ಗೂ ಇತ್ತು, ಹಾಗಾಗಿ ಪಟ್ಟಿಯಲ್ಲಿ ನೋಡಿದವರಿಗೆ ಮಾಮೂಲಿ ಭದ್ರತಾ ಪ್ಯಾಚ್ ಅಂತಲೇ ಅನ್ನಿಸುವುದು ಸಹಜ.

ಇಲ್ಲೂ ಪ್ರಶ್ನೆ ಕೈಯದ್ದೇ. ಮೈಕ್ರೋಸಾಫ್ಟ್ ಹೇಳಿದ್ದು: ನಾವು ಇದನ್ನು ಐಚ್ಛಿಕ ಅಂತ ಗುರುತು ಹಾಕಿ ಬಿಟ್ಟಿದ್ದೆವು, ಹೊರಗಿನ ಕೆಲವು ಪ್ಯಾಚ್ ನಿರ್ವಹಣಾ ಸಲಕರಣೆಗಳು ಆ ಗುರುತನ್ನು ಐಚ್ಛಿಕ ಅಂತ ಓದದೆ ತಳ್ಳಿಬಿಟ್ಟಿವೆ. ಸೆಟ್ಟಿಂಗ್ಸ್ ಪುಟದಲ್ಲಿ 2025ಕ್ಕೆ ಏರಿ ಅಂತ ಬ್ಯಾನರ್ ಕೂಡ ಕಾಣುತ್ತಿತ್ತು, ಅದನ್ನು ಅವರು ಸ್ವಲ್ಪ ದಿನ ಹಿಂದಕ್ಕೆ ತೆಗೆದುಕೊಂಡರು. ನನ್ನ ಅಭಿಪ್ರಾಯ ಕೇಳಿದರೆ, ಸರ್ವರ್ ಆವೃತ್ತಿ ಬದಲಿಸುವಷ್ಟು ದೊಡ್ಡದನ್ನು ತಿಂಗಳ ಪ್ಯಾಚ್ ಬರುವ ಕೊಳವೆಯಲ್ಲೇ ಬಿಟ್ಟು, ಒಂದು ಗುರುತನ್ನು ನಂಬಿ ಕೂರುವುದು ಧೈರ್ಯವಲ್ಲ, ಅಜಾಗರೂಕತೆ. ಹಾಗಂತ "ಎಲ್ಲವನ್ನೂ ಅಪ್ರೂವ್ ಮಾಡು" ಅಂತ ಸಲಕರಣೆಗೆ ಹೇಳಿಟ್ಟ ನಮ್ಮದೂ ತಪ್ಪೇ.

ನಿಮ್ಮಲ್ಲಿ ಹೀಗಾಗಿದೆಯೇ ಅಂತ ನೋಡಲು ಮೊದಲು ವಿನ್‌ವರ್ ಹೊಡೆದು ಬಿಲ್ಡ್ ಸಂಖ್ಯೆ ನೋಡಿ. 17763 ಅಂದರೆ 2019, 20348 ಅಂದರೆ 2022, 26100 ಅಂದರೆ 2025. ಇದನ್ನೇ ಮೊದಲು ಯಾಕೆ ಹೇಳುತ್ತಿದ್ದೇನೆಂದರೆ 1074 ಈವೆಂಟ್ ಇಲ್ಲಿ ಹೆದರಿಸುತ್ತದೆ. ಟ್ರಸ್ಟೆಡ್‌ಇನ್‌ಸ್ಟಾಲರ್ ಮಾಡಿಸಿದ ರೀಸ್ಟಾರ್ಟ್‌ಗೆ ಕಾರಣ "ಆಪರೇಟಿಂಗ್ ಸಿಸ್ಟಮ್: ಅಪ್‌ಗ್ರೇಡ್ (ಪ್ಲ್ಯಾನ್ಡ್)" ಅಂತ ಬರೆದಿರುತ್ತದೆ, ಬಂದದ್ದು ಬರೀ ತಿಂಗಳ ಪ್ಯಾಚ್ ಆಗಿದ್ದರೂ. ಆ ಅಪ್‌ಗ್ರೇಡ್ ಪದ ನೋಡಿ ಬ್ಯಾಕಪ್ ಹುಡುಕಲು ಓಡಬೇಡಿ. ಆವೃತ್ತಿ ನಿಜಕ್ಕೂ ಬದಲಾಗಿದ್ದರೆ ರಿಜಿಸ್ಟ್ರಿಯಲ್ಲಿ ಎಚ್‌ಕೆಎಲ್‌ಎಂ\ಸಿಸ್ಟಮ್\ಸೆಟಪ್ ಕೆಳಗೆ "ಸೋರ್ಸ್ ಓಎಸ್" ಅಂತ ಶುರುವಾಗುವ, ದಿನಾಂಕ ಹೊತ್ತ ಒಂದು ಕೀ ಹುಟ್ಟಿರುತ್ತದೆ. ಹಳೆಯ ಆವೃತ್ತಿಯ ಹೆಸರು, ಬಿಲ್ಡ್ ಎಲ್ಲ ಅದರೊಳಗೆ. ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಿದ್ದರೂ ಇದು ಇರುತ್ತದೆ.

ಈಗ ಕೈ. 1074ರಲ್ಲಿ ಪ್ರೋಸೆಸ್ ಹೆಸರು ಓದಿ. ಟ್ರಸ್ಟೆಡ್‌ಇನ್‌ಸ್ಟಾಲರ್ರೋ ಮೋಯುಎಸ್‌ಓಕೋರ್‌ವರ್ಕರ್ರೋ ಇದ್ದರೆ ವಿಂಡೋಸ್‌ನ ಸ್ವಂತ ಯಂತ್ರಾಂಗ ರೀಸ್ಟಾರ್ಟ್ ಮಾಡಿದೆ. ಸಿಸಿಎಂಎಕ್ಸೆಕ್ ಇದ್ದರೆ, ಸಂಸ್ಥೆಯ ಯಂತ್ರಗಳನ್ನೆಲ್ಲ ಒಂದೇ ಕಡೆಯಿಂದ ನಿಭಾಯಿಸುವ ಮೈಕ್ರೋಸಾಫ್ಟ್‌ನ ಕಾನ್ಫಿಗರೇಶನ್ ಮ್ಯಾನೇಜರ್. ಎಕ್ಸ್‌ಪ್ಲೋರರ್ ಇದ್ದು, ಸಿಸ್ಟಮ್ ಬದಲು ಮನುಷ್ಯನ ಹೆಸರಿದ್ದರೆ, ಅವರಿಗೆ ಒಂದು ಕಾಫಿ ಕುಡಿಸಿ ಕೇಳಿ. ಆದರೆ ರೀಸ್ಟಾರ್ಟ್ ಮಾಡಿದ ಕೈಯೂ ಅಪ್‌ಡೇಟ್ ಕೇಳಿದ ಕೈಯೂ ಒಂದೇ ಆಗಿರಬೇಕಿಲ್ಲ. ಅದಕ್ಕೇ ರಿಪೋರ್ಟಿಂಗ್‌ಈವೆಂಟ್ಸ್ ಲಾಗ್. ನೋಟ್‌ಪ್ಯಾಡ್‌ನಲ್ಲೇ ತೆರೆಯುವ ಸಾದಾ ಪಠ್ಯ. ಪ್ರತಿ ಸಾಲಿನಲ್ಲೂ ಸಮಯ, ಅಪ್‌ಡೇಟ್ ಹೆಸರಿನ ಮಧ್ಯೆ, ಕೇಳಿದ ಪ್ರೋಗ್ರಾಮ್‌ನ ಹೆಸರೂ ಇರುತ್ತದೆ. ಅಪ್‌ಡೇಟ್‌ಆರ್ಕೆಸ್ಟ್ರೇಟರ್ ಅಂತಿದ್ದರೆ ವಿಂಡೋಸ್‌ನದೇ ವೇಳಾಪಟ್ಟಿ. ಸಿಸಿಎಂಎಕ್ಸೆಕ್ ಅಂತಿದ್ದರೆ ಕಾನ್ಫಿಗರೇಶನ್ ಮ್ಯಾನೇಜರ್. ಗುರುತಿಲ್ಲದ ಹೆಸರಿದ್ದರೆ ಅದು ನಿಮ್ಮ ಏಜೆಂಟೋ, ಯಾರೋ ಬರೆದ ಸ್ಕ್ರಿಪ್ಟೋ. ಈ ಒಂದು ಕಾಲಮ್ ಎಷ್ಟೋ ಮೀಟಿಂಗ್‌ಗಳ ವಾದ ಮುಗಿಸಿದೆ. ಗೆಟ್-ವಿಂಡೋಸ್‌ಅಪ್‌ಡೇಟ್‌ಲಾಗ್ ಅನ್ನುವ ಪವರ್‌ಶೆಲ್ ಕಮಾಂಡ್ ಇನ್ನೂ ವಿವರ ಕೊಡುತ್ತದೆ, ಆದರೆ 2016ರ ಸರ್ವರ್‌ಗೆ ಇಂಟರ್‌ನೆಟ್ ಇಲ್ಲದಿದ್ದರೆ ಅದು ಉಗುಳುವುದು ಅರ್ಥವಾಗದ ಸಂಖ್ಯೆಗಳನ್ನು.

ವಿಂಡೋಸ್‌ನದೇ ವೇಳಾಪಟ್ಟಿ ಅಂತ ಬಂತು, ಆದರೆ ನಮ್ಮಲ್ಲಿ ಡಬ್ಲ್ಯುಸಸ್ (ಸಂಸ್ಥೆಯೊಳಗೇ ಅಪ್‌ಡೇಟ್ ಹಂಚುವ ಮೈಕ್ರೋಸಾಫ್ಟ್ ವ್ಯವಸ್ಥೆ) ಇದೆ, ಅಲ್ಲಿ ಅಪ್ರೂವ್ ಮಾಡದೆ ಏನೂ ಬರಬಾರದು ಅನ್ನುತ್ತೀರಾ? ಇಲ್ಲಿ ಡ್ಯುಯಲ್ ಸ್ಕ್ಯಾನ್ ಅನ್ನುವ ಹಳೇ ಗುಂಡಿ ಇದೆ. 2016, 2019ರ ಸರ್ವರ್‌ಗಳಲ್ಲಿ ಡಬ್ಲ್ಯುಸಸ್ ವಿಳಾಸದ ಜೊತೆಗೆ, "ಅಪ್‌ಡೇಟ್ ಇಷ್ಟು ದಿನ ಮುಂದೂಡು" ಅನ್ನುವ ಪಾಲಿಸಿಯನ್ನೂ ಯಾರಾದರೂ ಹಾಕಿದ್ದರೆ, ಸರ್ವರ್ ಅದನ್ನು ಬೇರೆಯೇ ರೀತಿ ಅರ್ಥ ಮಾಡಿಕೊಳ್ಳುತ್ತದೆ: ಓಹೋ, ಇವರು ನೇರ ಮೈಕ್ರೋಸಾಫ್ಟ್‌ನಿಂದ ತರಿಸಿಕೊಳ್ಳುವವರು. ಡಬ್ಲ್ಯುಸಸ್ ಪಕ್ಕಕ್ಕಿಟ್ಟು ನೇರ ಇಂಟರ್‌ನೆಟ್‌ಗೆ ಹೋಗುತ್ತದೆ. ಅಪ್‌ಡೇಟ್ ತಡ ಮಾಡಲೆಂದು ಹಾಕಿದ ಪಾಲಿಸಿಯೇ ಬೇಡದ ಅಪ್‌ಡೇಟ್ ತಂದಿತು! ಜಿಪಿರಿಸಲ್ಟ್ /ಎಚ್ ಹೊಡೆದು ವರದಿ ತೆರೆದರೆ ಎರಡೂ ಪಾಲಿಸಿ ಒಟ್ಟಿಗಿವೆಯೇ ಅಂತ ಕಾಣುತ್ತದೆ. ಮುಂದೂಡುವ ಪಾಲಿಸಿ ತೆಗೆಯಿರಿ, ಇಲ್ಲವೇ ಡಿಸೇಬಲ್‌ಡ್ಯುಯಲ್‌ಸ್ಕ್ಯಾನ್ ಹಾಕಿ. ಅದೇ ವರದಿಯಲ್ಲಿ ಡಬ್ಲ್ಯುಸಸ್ ಪಾಲಿಸಿಯೇ ಕಾಣದಿದ್ದರೆ, ಯಾರೋ ಆ ಸರ್ವರನ್ನು ಡೊಮೈನ್‌ನ ಬೇರೆ ಓಯುಗೆ (ಪಾಲಿಸಿ ಹಚ್ಚಲು ಯಂತ್ರಗಳನ್ನು ಗುಂಪು ಮಾಡಿಟ್ಟ ಖಾನೆ) ಎತ್ತಿಟ್ಟಿರಬಹುದು. ಹಳೇ ಮನೆಯ ಪಾಲಿಸಿ ಅಲ್ಲೇ ಉಳಿದಿರುತ್ತದೆ. ಡಬ್ಲ್ಯುಸಸ್ ಕಡೆ ಆಟೊ-ಅಪ್ರೂವಲ್ ನಿಯಮದಲ್ಲಿ ಅಪ್‌ಗ್ರೇಡ್ಸ್ ವರ್ಗಕ್ಕೆ ಟಿಕ್ ಬಿದ್ದಿದ್ದರೆ ಅದನ್ನೂ ತೆಗೆಯಿರಿ.

2025ಕ್ಕೆ ಏರಿಹೋದ ಸರ್ವರನ್ನು ಹಿಂದಕ್ಕೆ ತರುವುದು ಅಂದರೆ ಬ್ಯಾಕಪ್‌ನಿಂದ ರೀಸ್ಟೋರ್ ಮಾಡುವುದು, ಅಷ್ಟೇ. ವಿಂಡೋಸ್ 11ರಲ್ಲಿರುವ "ಹಿಂದಕ್ಕೆ ಹೋಗು" ಗುಂಡಿಯನ್ನು ಇಲ್ಲಿ ನಂಬಬೇಡಿ. ಹಾಗೇ ಇಟ್ಟುಕೊಳ್ಳುವ ಮನಸ್ಸಿದ್ದರೆ 2022ರ ಲೈಸೆನ್ಸ್ 2025ಕ್ಕೆ ಸಾಲುವುದಿಲ್ಲ, ಲೆಕ್ಕಪತ್ರದವರ ಜೊತೆ ಮೊದಲು ಮಾತಾಡಿ.

ಇನ್ನು ಸರಿಪಡಿಸುವುದು

ಇಷ್ಟೆಲ್ಲ ಆದ ಮೇಲೆ ಮೇಲಿನವರಿಂದ ಬರುವ ಆದೇಶ ಒಂದೇ: ಅಪ್‌ಡೇಟ್ ಪೂರ್ತಿ ಬಂದ್ ಮಾಡಿ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಅವರ ಭಯ ಸುಳ್ಳಲ್ಲ. 2022ರ ಜನವರಿ 11ರ ಪ್ಯಾಚ್, ಎಲ್ಲರ ಲಾಗಿನ್ ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್‌ಗಳನ್ನು ಮತ್ತೆ ಮತ್ತೆ ರೀಬೂಟ್ ಮಾಡಿಸಿ, ಆರೇ ದಿನದಲ್ಲಿ ತುರ್ತು ತಿದ್ದುಪಡಿ ಬಿಡಬೇಕಾಗಿ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೂ ಪ್ಯಾಚ್ ಇಲ್ಲದ ಸರ್ವರ್ ರೀಸ್ಟಾರ್ಟ್ ಆಗಲಿಕ್ಕಿಲ್ಲ, ರಾನ್ಸಮ್‌ವೇರ್ ಬಂದು ಕೂತಾಗ ರೀಸ್ಟಾರ್ಟ್ ಮಾಡಲಿಕ್ಕೂ ಏನೂ ಉಳಿದಿರಲಿಕ್ಕಿಲ್ಲ.

ಕೈ ಸಿಕ್ಕಿದ ಮೇಲೆ ಅದನ್ನು ಕತ್ತರಿಸಬೇಡಿ, ಸಮಯ ಬದಲಿಸಿ. ವಿಂಡೋಸ್‌ನಲ್ಲಿ ಎಸ್‌ಕಾನ್ಫಿಗ್ ಕಮಾಂಡ್ ತೋರಿಸುವ ಪಟ್ಟಿಯ 5ನೇ ಆಯ್ಕೆಯೋ, ಗ್ರೂಪ್ ಪಾಲಿಸಿಯೋ, ಎರಡರಲ್ಲಿ ಒಂದೇ ಕಡೆ ಹೇಳಿ. ನನ್ನ ಪೋಸ್ಟ್‌ಗ್ರೆಸ್ ಸರ್ವರ್‌ನಲ್ಲಿ ಮಾಡಿದ್ದು ಇಷ್ಟು. ಸಿಸ್ಟಮ್‌ಸಿಟಿಎಲ್ ಎಡಿಟ್ ಎಪಿಟಿ-ಡೈಲಿ-ಅಪ್‌ಗ್ರೇಡ್.ಟೈಮರ್ ಹೊಡೆದು, ಟೈಮರ್ ವಿಭಾಗದಲ್ಲಿ ಎರಡು ಸಾಲು ಬರೆದೆ:

ಆನ್‌ಕ್ಯಾಲೆಂಡರ್=
ಆನ್‌ಕ್ಯಾಲೆಂಡರ್=*-*-* 02:30 ಏಷ್ಯಾ/ಕೋಲ್ಕತಾ

ಮೊದಲ ಸಾಲು ಖಾಲಿ ಬಿಟ್ಟಿದ್ದು ಕಣ್ತಪ್ಪಿನಿಂದಲ್ಲ. ಈ ಸೆಟ್ಟಿಂಗ್ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಕೂಡಿಸಿಕೊಳ್ಳುತ್ತದೆ. ಖಾಲಿ ಸಾಲು ಹಾಕದಿದ್ದರೆ ರಾತ್ರಿ ಎರಡೂವರೆಗೂ ಓಡುತ್ತದೆ, ಹನ್ನೊಂದೂವರೆಗೂ ಓಡುತ್ತದೆ. ಮೊದಲ ಸಲ ನಾನು ಅದನ್ನು ಬಿಟ್ಟಿದ್ದೆ. ಲಿಸ್ಟ್-ಟೈಮರ್ಸ್‌ನಲ್ಲಿ ಮುಂದಿನ ಓಟ ಇನ್ನೂ ಹಗಲಿನದೇ ತೋರಿಸಿದಾಗ ಗೊತ್ತಾಯಿತು. ಟೈಮ್‌ಜೋನ್ ಹೆಸರನ್ನು ಸಾಲಿನಲ್ಲೇ ಬರೆದದ್ದರಿಂದ ನಾಳೆ ಯಾರಾದರೂ ಸರ್ವರ್ ಗಡಿಯಾರ ಬದಲಿಸಿದರೂ ಇದು ಕದಲುವುದಿಲ್ಲ. ಎಪಿಟಿ-ಡೈಲಿ ಅನ್ನುವ ಇನ್ನೊಂದು ಟೈಮರ್ ಇದೆ, ಅದು ಪಟ್ಟಿ ಮತ್ತು ಪ್ಯಾಕೇಜ್ ಇಳಿಸಿಕೊಳ್ಳುವುದಕ್ಕೆ ಮಾತ್ರ. ಅದನ್ನು ಮುಟ್ಟಲಿಲ್ಲ.

ಪೋಸ್ಟ್‌ಗ್ರೆಸನ್ನು ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿ ಕೈಯಾರೆ ಅಪ್‌ಡೇಟ್ ಮಾಡೋಣ ಅಂತ ಒಬ್ಬರು ಹೇಳಿದರು. ಕೈಯಾರೆ ಮಾಡುತ್ತೇವೆ ಅಂತ ಬರೆದಿಟ್ಟ ಎಷ್ಟು ಪಟ್ಟಿಗಳು ವರ್ಷಗಟ್ಟಲೆ ಹಾಗೇ ಇವೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಬದಲಿಗೆ ಅಪ್ಲಿಕೇಶನ್‌ನ ಕನೆಕ್ಷನ್ ಪೂಲ್ ಪ್ರತಿ ಸಂಪರ್ಕವನ್ನೂ ಬಳಸುವ ಮುಂಚೆ ಒಮ್ಮೆ ಪರೀಕ್ಷಿಸುವ ಹಾಗೆ ಮಾಡಿಸಿದೆವು.

ಆಗಸ್ಟ್‌ನಲ್ಲಿ ಎರಡನೇ ಗುರುವಾರ ಕಳೆದು ಕೆಲವು ದಿನಕ್ಕೆ ಎಪಿಟಿ ಹಿಸ್ಟರಿಯಲ್ಲಿ 21:17 ಅಂತ ಒಂದು ಸಾಲು ಬಂದಿತ್ತು, ಪೋಸ್ಟ್‌ಗ್ರೆಎಸ್‌ಕ್ಯೂಎಲ್-14. ನಮ್ಮ ಗಡಿಯಾರದಲ್ಲಿ ರಾತ್ರಿ 2:47. ಬಿಲ್ಲಿಂಗ್ ಅಪ್ಲಿಕೇಶನ್ ಲಾಗ್‌ನಲ್ಲಿ ಅದೇ ನಿಮಿಷಕ್ಕೆ ಸಂಪರ್ಕ ಕಡಿದ ಒಂದು ಎರರ್, ಅದರ ಕೆಳಗಿನ ಸಾಲಿನಲ್ಲೇ ಹೊಸ ಸಂಪರ್ಕ.